ಗಾಲಿ ಕೆಲಸದವರ ಖದೀರ್ ವಿಮಾನ ಪಡೆಗೆ ಸಹಿ ಹಾಕಿದ್ದು

೧೯೪೩ರ ಫೆಬ್ರವರಿಯಲ್ಲಿ ಹುಣಸೂರಿನಿಂದ ಬೆಂಗಳೂರಿಗೆ ಹೊರಟ ಖದೀರನ ಹತ್ತಿರ ಎರಡು ಕಾಗದಗಳಿದ್ದವು. ಶುಕ್ರವಾರ ಬೆಳಿಗ್ಗೆ ವಿಮಾನ ಪಡೆಯ ಆಯ್ಕೆ ಮಂಡಳಿಯ ಮುಂದೆ ಹಾಜರಾಗಬೇಕೆಂದು ಒಂದರಲ್ಲಿ ಬರೆದಿತ್ತು. ಸೋಮವಾರ ಹತ್ತು ಗಂಟೆಗೆ ಮಹಾರಾಜರ ಕುದುರೆ ಪಡೆಯ ಕಚೇರಿಗೆ ಬರಬೇಕೆಂದು ಇನ್ನೊಂದರಲ್ಲಿತ್ತು. ಎರಡು ಕಡೆಗೂ ಹೋಗಬಹುದಾಗಿತ್ತು. ಸೇರುವುದು ಮಾತ್ರ ಒಂದೇ ಕಡೆ.

ಖದೀರನ ತಂದೆ ಅಬ್ದುಲ್ ರಹಮಾನ್ ಸಾಹೇಬರು ಎತ್ತಿನ ಗಾಡಿಗೆ ಗಾಲಿ ಮಾಡುವವರು. ಲಕ್ಷ್ಮಣತೀರ್ಥದ ಸೇತುವೆಯಿಂದ ಊರೊಳಕ್ಕೆ ಬರುವ ದಾರಿಯಲ್ಲಿ ಅವರ ಕೊಟ್ಟಿಗೆ ಇತ್ತು. ಪಿರಿಯಾಪಟ್ಟಣದ ಕಡೆಯವರೂ ಹೆಗ್ಗಡದೇವನಕೋಟೆಯ ಹಂಪಾಪುರದ ಕಡೆಯವರೂ ಮುರಿದ ಗಾಲಿಗಳನ್ನು ಅಲ್ಲಿಗೇ ತರುತ್ತಿದ್ದರು. ಖದೀರ್ ಆರು ವರ್ಷದವನಿದ್ದಾಗಿನಿಂದ ಆ ಮರದ ಹೊಟ್ಟಿನಲ್ಲೇ ಬೆಳೆದವನು. ಗಾಲಿಯ ನಡುವಿನ ಗುಂಬಕ್ಕೆ ಅರೆಕಾಲುಗಳನ್ನು, ಅಂದರೆ ಸುತ್ತಲಿನ ಮರದ ಕಡ್ಡಿಗಳನ್ನು, ಹೊಡೆದು ಕೂರಿಸುವುದು, ಕಾಯಿಸಿದ ಕಬ್ಬಿಣದ ಪಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ತೊಡಿಸುವುದು, ಒಂದು ಕಣ್ಣು ಮುಚ್ಚಿ ಅರೆಕಾಲು ನೆಟ್ಟಗಿದೆಯೇ ಎಂದು ನೋಡುವುದು, ಇವೆಲ್ಲ ಅಕ್ಷರ ಕಲಿಯುವುದಕ್ಕಿಂತ ಮೊದಲೇ ಅವನಿಗೆ ಬಂದಿದ್ದವು. ಆ ಮನೆಯಲ್ಲಿ ಹೈಸ್ಕೂಲು ದಾಟಿದವನು ಅವನೊಬ್ಬನೇ. ಮೈಸೂರಿನಲ್ಲಿ ನೆಂಟರ ಮನೆಯಲ್ಲಿದ್ದು ಇಂಟರ್‌ಮೀಡಿಯೆಟ್ ಮುಗಿಸಿದ್ದ. ಹತ್ತೊಂಬತ್ತು ವರ್ಷವಾಗಿತ್ತು.

ವಿಮಾನದ ಆಸೆ ಹುಟ್ಟಿದ್ದೂ ಮೈಸೂರಿನಲ್ಲೇ. ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಬಂದ ಮೇಲೆ ಆಗಾಗ ಒಂದೊಂದು ವಿಮಾನ ಅವನ ಕಾಲೇಜಿನ ಮೇಲೆ ಹಾದುಹೋಗುತ್ತಿತ್ತು. ಒಂದು ಸಾರಿ ಒಂದು ವಿಮಾನ ತೀರ ಕೆಳಗೆ ಬಂದು, ಒಳಗೆ ಕೂತವನ ತಲೆ ಇವನಿಗೆ ಕಾಣಿಸಿತು. ಆ ತಲೆ ಈ ಕಡೆ ತಿರುಗಿ ಕೆಳಗೆ ನೋಡಿತು. ಅಷ್ಟೇ. ಅವತ್ತಿನಿಂದ ಅವನ ಮನಸ್ಸಿನಲ್ಲಿ ಬೇರೆ ಕೆಲಸಕ್ಕೆ ಜಾಗವಿರಲಿಲ್ಲ.

ಆದರೆ ಯಾವ ಪಡೆಗೆ ಸೇರಿದರೆ ವಿಮಾನ ಹಾರಿಸಬಹುದು ಎಂಬುದನ್ನು ಸರಿಯಾಗಿ ಹೇಳುವವರು ಹುಣಸೂರಿನಲ್ಲಿ ಯಾರೂ ಇರಲಿಲ್ಲ. ಯುದ್ಧಕ್ಕೆ ಜನ ಸೇರಿಸಿಕೊಳ್ಳಲು ಮುಸಾಫಿರ್ ಬಂಗಲೆಗೆ ಬಂದಿದ್ದ ಗುಮಾಸ್ತರೊಬ್ಬರು, ಈಗ ಕಾಲಾಳು ಪಡೆಗೆ ಸೇರು, ವರ್ಷ ಕಳೆದ ಮೇಲೆ ವಿಮಾನಕ್ಕೆ ಬದಲಾಯಿಸಿಕೊಳ್ಳಬಹುದು ಎಂದರು. ಇನ್ನೊಬ್ಬರು ನೌಕಾಪಡೆಯಲ್ಲೂ ವಿಮಾನವಿದೆ ಎಂದರು. ಖದೀರ್ ಬೆಂಗಳೂರಿನ ಕಚೇರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದ. ಮೂರು ವಾರಕ್ಕೆ ಉತ್ತರ ಬಂತು. ಪೈಲಟ್ ಆಗುವವರು ನೇರವಾಗಿ ವಿಮಾನ ಪಡೆಯ ಆಯ್ಕೆಗೇ ಬರಬೇಕು. ಬೇರೆ ಪಡೆಗೆ ಸೇರಿದವರನ್ನು ಅಲ್ಲಿನ ಮೇಲಧಿಕಾರಿ ಬಿಟ್ಟುಕೊಟ್ಟರೆ ಮಾತ್ರ ಪರಿಶೀಲಿಸಲಾಗುವುದು. ಯುದ್ಧದ ಕಾಲದಲ್ಲಿ ಯಾವ ಅಧಿಕಾರಿ ತನ್ನ ಆಳನ್ನು ಬಿಟ್ಟುಕೊಟ್ಟಾನು? ಖದೀರನಿಗೆ ದಾರಿ ಸ್ಪಷ್ಟವಾಯಿತು.

ಆ ದಾರಿಗೆ ಅಡ್ಡವಾಗಿ ನಿಂತಿದ್ದವರು ಅವನ ಸೋದರಮಾವ ಜಾನ್ ಪಾಷಾ. ಮಹಾರಾಜರ ಕುದುರೆ ಪಡೆಯಲ್ಲಿ ದಫೇದಾರರಾಗಿದ್ದು, ಹಿಂದಿನ ಮಹಾಯುದ್ಧದಲ್ಲಿ ಪ್ಯಾಲೆಸ್ಟೈನಿನವರೆಗೆ ಹೋಗಿ ಬಂದು, ಈಗ ಪಿಂಚಣಿ ಪಡೆಯುತ್ತಿದ್ದವರು. ಬೀದಿಯಲ್ಲಿ ಅವರು ಬಂದರೆ ಜಗಲಿಯ ಮೇಲಿದ್ದವರು ಎದ್ದು ನಿಲ್ಲುತ್ತಿದ್ದರು. ಓದಿದ ಹುಡುಗನೊಬ್ಬ ಪಡೆಯ ಕಚೇರಿಗೆ ಬೇಕೆಂದು ಗೊತ್ತಾದಾಗ ಅವರು ತಾವೇ ಹಳೆಯ ಅಧಿಕಾರಿಯ ಮುಂದೆ ನಿಂತು, ನನ್ನ ತಂಗಿಯ ಮಗನಿದ್ದಾನೆ, ಅವನಿಗೆ ನಾನು ಹೊಣೆ ಎಂದು ಮಾತು ಕೊಟ್ಟು ಬಂದಿದ್ದರು. ಅವರು ಯಾರನ್ನೂ ಏನನ್ನೂ ಕೇಳಿದವರಲ್ಲ. ಕೇಳಿದ್ದು ಅದೊಂದೇ ಸಲ.

ಖದೀರ್ ವಿಮಾನ ಪಡೆಯ ವಿಷಯ ತೆಗೆದಾಗ ಮನೆಯೊಳಗೆ ಉರ್ದುವಿನಲ್ಲಿ ದೊಡ್ಡ ಮಾತುಕತೆಯೇ ನಡೆಯಿತು. ತಾಯಿ ಮುನ್ನೀಬಿ ಅತ್ತರು. ಜಾನ್ ಪಾಷಾ ಅವರು ಸಿಟ್ಟಾಗಲಿಲ್ಲ, ನಕ್ಕರು.

"ಕುದ್ರೆ ಮೇಲಿಂದ ಬಿದ್ದೋನು ಮೈ ಒರಸ್ಕೊಂಡು ಎದ್ದು ಬತ್ತಾನೆ ಬೇಟಾ. ವಿಮಾನದ ಮೇಲಿಂದ ಬಿದ್ದೋನ್ನ ಗೋಣಿಲಿ ತುಂಬ್ಕೊಂಡು ಬರ್ಬೇಕು" ಎಂದರು.

ಕೊನೆಗೆ ಒಂದು ಒಪ್ಪಂದವಾಯಿತು. ಶುಕ್ರವಾರ ಶನಿವಾರ ವಿಮಾನದವರ ಪರೀಕ್ಷೆಗೆ ಹೋಗಲಿ. ನೂರಾರು ಜನರಲ್ಲಿ ಇವನನ್ನು ಆರಿಸುವುದಿಲ್ಲ ಎಂಬುದು ಮಾವನ ಲೆಕ್ಕ. ಅವನ ಆಸೆಯೂ ತೀರುತ್ತದೆ. ಸೋಮವಾರ ಹತ್ತಕ್ಕೆ ಕುದುರೆ ಪಡೆಯ ಬಾಗಿಲಲ್ಲಿ ತಾವೇ ಕಾಯುವುದಾಗಿ ಹೇಳಿದರು. ಆರಿಸಿದರೆ ಏನು ಎಂದು ಖದೀರ್ ಕೇಳಲಿಲ್ಲ. ಮಾವನೂ ಹೇಳಲಿಲ್ಲ.

ಸುದ್ದಿ ಕೊಟ್ಟಿಗೆಗೂ ಮುಟ್ಟಿತ್ತು. ಪಿರಿಯಾಪಟ್ಟಣದ ಕಡೆಯ ರೈತ ಮಂಟಯ್ಯ ಗಾಲಿ ಇಳಿಸುತ್ತಾ ರಹಮಾನ್ ಸಾಹೇಬರನ್ನು ಕೆಣಕಿದ.

"ಏನ್ ಸಾಬ್ರೇ, ಮಗ ಇಮಾನ ಓಡುಸ್ತಾನಂತೆ. ಅದ್ಕೂ ಗಾಲಿ ನಿಮ್ಮತ್ರಾನೇ ಮಾಡಿಸ್ತಾರಾ?"

"ಮಾಡಿಸಿದ್ರೂ ನಿನ್ ಗಾಡಿ ಮುಗುದ್ಮೇಲೆ ಕಣಪ್ಪ" ಎಂದರು ರಹಮಾನ್ ಸಾಹೇಬರು, ಬಾಚಿಯಿಂದ ಕಣ್ಣೆತ್ತದೆ.

ಪೆಟ್ರೋಲಿಗೆ ಬದಲು ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಬಿಳಿಕೆರೆಯ ಏರಿನಲ್ಲಿ ಎರಡು ಸಲ ನಿಂತು, ಮೈಸೂರಿನಲ್ಲಿ ರೈಲು ತಪ್ಪುವುದೇನೋ ಎಂಬ ಭಯ ಹುಟ್ಟಿಸಿತು. ತಪ್ಪಲಿಲ್ಲ.

ಶುಕ್ರವಾರದ ಪ್ರಶ್ನೆಗಳು ಖದೀರನಿಗೆ ಕಷ್ಟವಾಗಲಿಲ್ಲ. ಮೂವರು ಅಧಿಕಾರಿಗಳು ಕೂತಿದ್ದರು. ತಂದೆಯ ಕೆಲಸ ಏನು, ಲೆಕ್ಕದಲ್ಲಿ ಎಷ್ಟು ಅಂಕ, ಈಜು ಬರುತ್ತದೆಯೇ ಎಂದು ಕೇಳಿದರು. ಗಾಲಿಯ ಕೆಲಸದ ಬಗ್ಗೆ ಒಬ್ಬರು ಬಹಳ ಹೊತ್ತು ಕೇಳಿದರು. ಅರವತ್ತೆರಡು ಜನರಲ್ಲಿ ಹದಿನೇಳು ಜನ ಶನಿವಾರದ ವೈದ್ಯ ಪರೀಕ್ಷೆಗೆ ಉಳಿದರು. ಖದೀರ್ ಅವರಲ್ಲೊಬ್ಬ.

ಶನಿವಾರ ಬೆಳಿಗ್ಗೆ ಎದೆ, ಕಿವಿ, ಹಲ್ಲು ಎಲ್ಲ ಆಯಿತು. ಪಾದರಸದ ಕೊಳವೆಯನ್ನು ಊದಿ ಒಂದು ನಿಮಿಷ ಉಸಿರು ಹಿಡಿದದ್ದೂ ಆಯಿತು. ಗೋಡೆಯ ಮೇಲಿನ ಅಕ್ಷರಗಳನ್ನು ಒಂದೊಂದು ಕಣ್ಣಿಗೂ ಬೇರೆಬೇರೆಯಾಗಿ ಓದಿದ. ಕೊನೆಗೆ ಉದ್ದನೆಯ ಕೋಣೆಯ ಒಂದು ತುದಿಯಲ್ಲಿ ಅವನನ್ನು ಕೂರಿಸಿದರು. ಇನ್ನೊಂದು ತುದಿಯಲ್ಲಿ, ಸುಮಾರು ಇಪ್ಪತ್ತು ಅಡಿ ದೂರದಲ್ಲಿ, ಒಂದು ಪೆಟ್ಟಿಗೆ. ಅದರ ಕಿಂಡಿಯಲ್ಲಿ ಎರಡು ಕಪ್ಪು ಕಡ್ಡಿಗಳು ನಿಂತಿದ್ದವು. ಒಂದು ಕದಲುವುದಿಲ್ಲ. ಇನ್ನೊಂದಕ್ಕೆ ಎರಡು ದಾರ ಕಟ್ಟಿ, ದಾರದ ತುದಿಗಳನ್ನು ಇವನ ಕೈಗೆ ಕೊಟ್ಟರು. ದಾರ ಎಳೆದು ಕಡ್ಡಿಯನ್ನು ಹಿಂದಕ್ಕೂ ಮುಂದಕ್ಕೂ ಸರಿಸಿ, ಎರಡೂ ಸಮವಾಗಿ ನಿಂತವು ಎನ್ನಿಸಿದಾಗ ನಿಲ್ಲಿಸಬೇಕು. ನೆಲಕ್ಕಿಳಿಯುವ ವಿಮಾನದಿಂದ ನೆಲ ಎಷ್ಟು ದೂರವಿದೆ ಎಂದು ತಿಳಿಯುವ ಶಕ್ತಿ ಇದೆಯೋ ಇಲ್ಲವೋ ಎಂಬುದಕ್ಕೆ ಈ ಪರೀಕ್ಷೆ.

ಇದು ತನ್ನ ಕೆಲಸವೇ ಎಂದು ಖದೀರನಿಗೆ ಸಮಾಧಾನವಾಯಿತು. ಬೆಳಗಿನಿಂದ ಇದ್ದ ಅಳುಕು ಹೋಯಿತು. ಅವನು ನಿಧಾನವಾಗಿ ಐದು ಸಲ ದಾರ ಎಳೆದು ಐದು ಸಲವೂ ನಿಲ್ಲಿಸಿದ. ಪೆಟ್ಟಿಗೆಯ ಪಕ್ಕದಲ್ಲಿ ಬಗ್ಗಿ ನಿಂತಿದ್ದ ಡಾಕ್ಟರು ಅಳತೆಯ ಪಟ್ಟಿಯನ್ನು ನೋಡಿ ಸಂಖ್ಯೆ ಹೇಳುತ್ತಿದ್ದರು, ಕಂಪೌಂಡರು ಬರೆದುಕೊಳ್ಳುತ್ತಿದ್ದರು.

ಹನ್ನೆರಡು ಗಂಟೆಗೆ ಗುಮಾಸ್ತರು ಜಗಲಿಗೆ ಬಂದು ಹೆಸರು ಕರೆದರು. ಖದೀರನ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಒಂದು ಗೆರೆ ಇತ್ತು. ಹಾರಾಟಕ್ಕೆ ಯೋಗ್ಯನಲ್ಲ. ದೂರ ತಿಳಿಯುವುದಿಲ್ಲ. ಆದರೆ ಮರದ ಕೆಲಸ ಬಲ್ಲವನಾದ್ದರಿಂದ ವಿಮಾನದ ಮೈಕಟ್ಟು ರಿಪೇರಿ ಮಾಡುವ ನೆಲದ ಕೆಲಸಕ್ಕೆ ತೆಗೆದುಕೊಳ್ಳಲು ಮಂಡಳಿ ಸಿದ್ಧವಿದೆ. ಇಷ್ಟವಿದ್ದರೆ ಎರಡು ಗಂಟೆಯೊಳಗೆ ಈ ಫಾರಮಿಗೆ ಸಹಿ ಹಾಕಬೇಕು. ಮಂಡಳಿ ಸಂಜೆಯ ರೈಲಿಗೆ ಮದರಾಸಿಗೆ ಹೊರಡುತ್ತದೆ.

ಖದೀರ್ ಫಾರಮು ಹಿಡಿದು ಬೆಂಚಿನ ಮೇಲೆ ಕೂತ. ಸಹಿ ಹಾಕಿದರೆ ವಿಮಾನ ಪಡೆಯಲ್ಲಂತೂ ಇರುತ್ತಾನೆ, ದಿನವೂ ವಿಮಾನ ಮುಟ್ಟಬಹುದು, ಆದರೆ ಅದು ಮೇಲೆದ್ದಾಗ ಇವನು ಕೆಳಗೆ. ಹಾಕದಿದ್ದರೆ ಸೋಮವಾರ ಕುದುರೆ ಪಡೆ. ಅವನು ನಂಬಲಾರದೆ ಹೋದದ್ದು ಕೆಂಪು ಶಾಯಿಯ ಆ ಗೆರೆಯನ್ನು. ಅಪ್ಪನ ಕೊಟ್ಟಿಗೆಯಲ್ಲಿ ತಾನು ಕೂರಿಸಿದ ಅರೆಕಾಲು ಒಂದಾದರೂ ವಾಲಿದ್ದಿಲ್ಲ. ಎರಡು ಕಡ್ಡಿಗಳನ್ನು ಸಮ ನಿಲ್ಲಿಸಲಾರದ ಕಣ್ಣು ತನ್ನದು ಹೇಗಾಯಿತು?

ಎದುರಿಗೆ ಜಗಲಿಯ ಕಂಬಗಳು ಸಾಲಾಗಿದ್ದವು. ಕೂತಲ್ಲಿಂದಲೇ ಅವು ಒಂದೇ ಸಾಲಿನಲ್ಲಿವೆಯೇ ಎಂದು ನೋಡತೊಡಗಿದ. ಪಕ್ಕದಲ್ಲಿದ್ದ ಕೊಯಮತ್ತೂರಿನ ಹುಡುಗ, ಕಂಬಕ್ಕೆ ಯಾಕೆ ಕಣ್ಣು ಹೊಡೆಯುತ್ತಿದ್ದೀ ಎಂದು ಇಂಗ್ಲಿಷಿನಲ್ಲಿ ತಮಾಷೆ ಮಾಡಿದ.

ಖದೀರ್ ಕೈಯೆತ್ತಿ ಮುಖ ಮುಟ್ಟಿ ನೋಡಿಕೊಂಡ. ಎಡಗಣ್ಣು ಮುಚ್ಚಿತ್ತು.

ಪೆಟ್ಟಿಗೆಯ ಮುಂದೆಯೂ ಹಾಗೇ ಮಾಡಿದ್ದ. ಐದು ಸಲವೂ. ನೆಟ್ಟಗಿದೆಯೋ ಇಲ್ಲವೋ ಎಂಬುದಕ್ಕೆ ಒಂದು ಕಣ್ಣು ಸಾಕು. ಯಾವುದು ಹಿಂದೆ, ಯಾವುದು ಮುಂದೆ ಎಂಬುದಕ್ಕೆ ಎರಡೂ ಬೇಕು. ಅದನ್ನು ಅವನು ಕಾಲೇಜಿನ ಪುಸ್ತಕದಲ್ಲಿ ಓದಿಯೂ ಇದ್ದ. ಕೈಗೆ ಕೆಲಸ ಬಂದ ಕೂಡಲೇ ಕಣ್ಣು ಪುಸ್ತಕವನ್ನು ಮರೆತಿತ್ತು.

ಗೋಡೆಯ ಗಡಿಯಾರದಲ್ಲಿ ಒಂದೂಕಾಲು. ಡಾಕ್ಟರ ಕೋಣೆಗೆ ಹೋಗಲು ಗುಮಾಸ್ತರು ಬಿಡಲಿಲ್ಲ. ಹಾಳೆ ಮಂಡಳಿಗೆ ಹೋಗಿಯಾಯಿತು, ಬರೆದದ್ದನ್ನು ತಿದ್ದುವ ಪದ್ಧತಿಯಿಲ್ಲ ಎಂದರು. ಖದೀರ್ ಬಾಗಿಲ ಬಳಿಯೇ ನಿಂತ. ಒಂದೂವರೆಗೆ ಡಾಕ್ಟರು ಊಟ ಮುಗಿಸಿ ಬಂದರು. ವಯಸ್ಸಾದ ಇಂಗ್ಲಿಷರು, ಬೆಳಗಿನಿಂದ ದಣಿದಿದ್ದರು. ಖದೀರ್ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ಇಂಗ್ಲಿಷ್ ವಾಕ್ಯವನ್ನು ಒಂದೊಂದೇ ಪದವಾಗಿ ಹೇಳಿದ.

"ನಾನು ತಪ್ಪು ಮಾಡಿದೆ ಸರ್. ಒಂದೇ ಕಣ್ಣಿನಲ್ಲಿ ನೋಡಿದೆ."

"ಹಾಗೆ ನೋಡಲು ನಿನಗೆ ಯಾರು ಹೇಳಿದರು?"

"ನನ್ನ ತಂದೆ, ಸರ್."

ಗುಮಾಸ್ತರು ನಕ್ಕರು. ಡಾಕ್ಟರು ನಗಲಿಲ್ಲ. ನಿನ್ನ ತಂದೆ ಏನು ಡಾಕ್ಟರೇ ಎಂದು ಕೇಳಿದರು. ಖದೀರ್ ಗಾಲಿಯ ಕೆಲಸವನ್ನು ವಿವರಿಸಿದ. ಮಾತಿಗೆ ಪದ ಸಾಲದೆ, ಗುಮಾಸ್ತರ ಮೇಜಿನ ಮೇಲಿದ್ದ ರೂಲುದೊಣ್ಣೆ ತೆಗೆದು ಕಣ್ಣಿಗೆ ಹಿಡಿದು ತೋರಿಸಿದ. ಎಡಗಣ್ಣು ತಾನೇ ಮುಚ್ಚಿಕೊಂಡಿತು.

ಡಾಕ್ಟರು ಬಗ್ಗಿ ಆ ಮುಚ್ಚಿದ ಕಣ್ಣನ್ನು ನೋಡಿದರು. ಆಮೇಲೆ ಹೇಳಿದ್ದು ಇಷ್ಟು: ಇನ್ನೊಂದು ಸಲ ಪರೀಕ್ಷೆ ಮಾಡುತ್ತೇನೆ. ಆದರೆ ಆ ಫಾರಮನ್ನು ಈಗಲೇ ನನಗೆ ಕೊಡು. ಸರಿಹೋಗದಿದ್ದರೆ ಸುಳ್ಳು ಹೇಳಿ ನನ್ನ ಹೊತ್ತು ಕಳೆದೆ ಎಂದು ಬರೆಯುತ್ತೇನೆ. ನೆಲದ ಕೆಲಸವೂ ಇರುವುದಿಲ್ಲ.

ಖದೀರ್ ಫಾರಮು ಕೊಟ್ಟ.

ಎರಡನೆಯ ಪರೀಕ್ಷೆ ಮೊದಲನೆಯದರ ಹಾಗಿರಲಿಲ್ಲ. ಎರಡೂ ಕಣ್ಣು ತೆರೆದು ಕೂತಾಗ ಕೈಗೆ ಏನೂ ತಿಳಿಯದಂತಾಯಿತು. ದಾರ ಬಿಗಿಯಾದಂತೆಲ್ಲ ಎಡಗಣ್ಣಿನ ರೆಪ್ಪೆ ಇಳಿಯುತ್ತಿತ್ತು. ಹುಬ್ಬು ಮೇಲೆತ್ತಿ ಅದನ್ನು ತಡೆದ. ಕಣ್ಣಿನಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ಮೊದಲ ಸಲ ನಿಲ್ಲಿಸಿದಾಗ ಡಾಕ್ಟರು ಹೇಳಿದ ಸಂಖ್ಯೆ ದೊಡ್ಡದಿತ್ತು. ಅದು ಒಳ್ಳೆಯದೋ ಕೆಟ್ಟದ್ದೋ ಅವನಿಗೆ ಗೊತ್ತಿರಲಿಲ್ಲ. ಎರಡನೆಯ ಸಲ ಒಮ್ಮೆಗೇ ಒಂದು ಕಡ್ಡಿ ಇನ್ನೊಂದರ ಹಿಂದೆ ನಿಂತಿರುವುದು ಕಂಡಿತು, ಕೊಟ್ಟಿಗೆಯ ಬಾಗಿಲಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತ ಹಾಗೆ. ಅದನ್ನು ಮುಂದಕ್ಕೆ ಕರೆದುಕೊಂಡು ಬಂದು ಪಕ್ಕದಲ್ಲಿ ನಿಲ್ಲಿಸಿದ. ಮೂರು, ನಾಲ್ಕು, ಐದು. ಡಾಕ್ಟರು ಇನ್ನೊಂದು ಸಲ ಎಂದರು. ಆರನೆಯದೂ ಆಯಿತು.

ಡಾಕ್ಟರು ಹಳೆಯ ಹಾಳೆ ತರಿಸಿ, ಕೆಂಪು ಗೆರೆಯ ಕೆಳಗೆ ಎರಡು ಸಾಲು ಬರೆದು, ಸಹಿ ಹಾಕಿ ಗುಮಾಸ್ತರಿಗೆ ಕೊಟ್ಟರು. ಗುಮಾಸ್ತರು ಅದನ್ನು ಮಂಡಳಿಗೆ ತೋರಿಸಿ ಬಂದು ಖದೀರನ ಮುಂದೆ ಬೇರೊಂದು ಕಾಗದ ಇಟ್ಟರು. ಹಾರಾಟಕ್ಕೆ ಯೋಗ್ಯ ಎಂದು ಮಂಡಳಿ ಒಪ್ಪಿದೆ. ಕರೆ ಬರುವವರೆಗೆ ಬೇರೆ ಯಾವ ಪಡೆಗೂ ಸೇರುವುದಿಲ್ಲವೆಂದು ಇದರಲ್ಲಿ ಬರೆದುಕೊಡಬೇಕು. ಕರೆ ಮೂರು ತಿಂಗಳಿಗೂ ಬರಬಹುದು, ವರ್ಷಕ್ಕೂ ಬರಬಹುದು, ಬಾರದೆಯೂ ಇರಬಹುದು.

ಸೋಮವಾರದವರೆಗೆ ಸಮಯ ಕೊಡಿ ಎಂದು ಖದೀರ್ ಕೇಳಿದ. ಮಂಡಳಿ ಹೊರಟೇ ಬಿಡುತ್ತದಲ್ಲ ಎಂದರು ಗುಮಾಸ್ತರು. ಎರಡಕ್ಕೆ ಐದು ನಿಮಿಷವಿತ್ತು. ಖದೀರ್ ಸಹಿ ಹಾಕಿದ.

ಸೋಮವಾರ ಒಂಬತ್ತೂವರೆಗೆ ಕುದುರೆ ಪಡೆಯ ಬಾಗಿಲಿಗೆ ಹೋದಾಗ ಜಾನ್ ಪಾಷಾ ಆಗಲೇ ಬಂದಿದ್ದರು. ಹಳೆಯ ಕೋಟು ಇಸ್ತ್ರಿಯಾಗಿತ್ತು, ಎದೆಯ ಮೇಲೆ ಮೂರು ಪದಕಗಳಿದ್ದವು. ಖದೀರ್ ನಡೆದದ್ದನ್ನು ಹೇಳಿದ. ಅವರು ಪೂರ್ತಿ ಕೇಳಿಸಿಕೊಂಡರು.

"ಸೈನ್ ಹಾಕ್ಬುಟ್ಯಾ?"

"ಹಾಕ್ದೆ ಮಾಮು."

"ಅಂಗಾದ್ರೆ ನಾನಿಲ್ಲಿ ಯಾಕ್ ನಿಂತಿದೀನಿ?"

ಮಾವ ಕೋಟು ಸರಿಮಾಡಿಕೊಂಡು ಒಬ್ಬರೇ ಒಳಗೆ ಹೋದರು. ಒಂದು ಗಂಟೆ ಕಳೆದು ಹೊರಗೆ ಬಂದಾಗ ಪದಕಗಳು ಎದೆಯ ಮೇಲಿರಲಿಲ್ಲ, ತೆಗೆದು ಜೇಬಿನಲ್ಲಿ ಹಾಕಿಕೊಂಡಿದ್ದರು. ಖದೀರನ ಕಡೆ ನೋಡದೆ ಸ್ಟೇಷನ್ನಿನ ದಾರಿ ಹಿಡಿದರು. ರೈಲಿನಲ್ಲಿ ಬೇರೆ ಡಬ್ಬಿಗೆ ಹತ್ತಿದರು.

ಆಮೇಲಿನ ನಾಲ್ಕು ತಿಂಗಳು ಖದೀರನ ಪಾಲಿಗೆ ಬಹಳ ಉದ್ದವಾಗಿದ್ದವು. ಬೆಳಿಗ್ಗೆ ಕೊಟ್ಟಿಗೆಯ ಕೆಲಸ, ಹನ್ನೊಂದಕ್ಕೆ ಟಪಾಲು ಕಚೇರಿ. ಕಾಗದವಿರುತ್ತಿರಲಿಲ್ಲ. ಎರಡು ಸಲ ಬರೆದ, ಉತ್ತರವಿಲ್ಲ. ಪೇಟೆಯಲ್ಲಿ ಅವನಿಗೆ ಪೈಲಟ್ ಸಾಹೇಬ್ರು ಎಂದು ಹೆಸರು ಬಿತ್ತು. ಮಂಟಯ್ಯ ಬಂದಾಗಲೆಲ್ಲ ಆಕಾಶ ನೋಡಿ, "ಇವತ್ತೂ ಮೋಡ ಐತೆ, ಅದ್ಕೇ ಬಂದಿಲ್ಲ ಬುಡು" ಎನ್ನುತ್ತಿದ್ದ. ಏಪ್ರಿಲಿನಲ್ಲಿ ಸೈನ್ಯದವರು ಮತ್ತೆ ಜನ ಸೇರಿಸಲು ಬಂದರು. ಜೊತೆಯಲ್ಲಿ ಓದಿದ ಇಬ್ಬರು ಸೇರಿ ಹೊರಟುಹೋದರು. ಖದೀರ್ ಬರೆದುಕೊಟ್ಟಿದ್ದರಿಂದ ಅಲ್ಲಿಗೂ ಹೋಗುವಂತಿರಲಿಲ್ಲ. ಕುದುರೆ ಪಡೆಯ ಜಾಗಕ್ಕೆ ಚನ್ನಪಟ್ಟಣದ ಯಾರೋ ಬಂದರೆಂದು ಸುದ್ದಿ ಬಂತು. ಜಾನ್ ಪಾಷಾ ತಂಗಿಯ ಮನೆಗೆ ಬರುವುದನ್ನು ಬಿಡಲಿಲ್ಲ. ಖದೀರ್ ಇಲ್ಲದ ಹೊತ್ತು ನೋಡಿ ಬರುತ್ತಿದ್ದರು.

ಜೂನ್ ಎರಡನೆಯ ವಾರ, ಮಳೆ ಹಿಡಿದುಕೊಂಡ ದಿನ, ಕರೆ ಬಂತು. ಕಾಗದ ಎಲ್ಲೆಲ್ಲೋ ತಿರುಗಿ ಆರು ದಿನ ತಡವಾಗಿತ್ತು. ತರಬೇತಿ ಶಾಲೆಗೆ ಹಾಜರಾಗಲು ಉಳಿದದ್ದು ನಾಲ್ಕೇ ದಿನ, ಅದರಲ್ಲಿ ಮೂರು ದಿನ ರೈಲಿನಲ್ಲೇ ಕಳೆಯುತ್ತವೆ. ಅಂದರೆ ನಾಳೆ ಮಧ್ಯಾಹ್ನದ ಬಸ್ಸಿಗೆ ಹೊರಡಲೇಬೇಕು. ಜೊತೆಗೆ ಒಂದು ಫಾರಮು. ಇಪ್ಪತ್ತೊಂದು ತುಂಬದವರಿಗೆ ತಂದೆಯ ಒಪ್ಪಿಗೆ ಬೇಕು.

ರಹಮಾನ್ ಸಾಹೇಬರು ಫಾರಮನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟರು.

"ನಂಗೆ ಗಾಲಿ ಗೊತ್ತು, ಫೌಜು ಗೊತ್ತಿಲ್ಲ. ಅದು ಗೊತ್ತಿರೋದು ನಿನ್ ಮಾಮುಗೆ. ಅವ್ರ ಮಾನ ಅಲ್ಲಿ ಹೋಗೈತೆ. ಅವ್ರು ಹಾಕು ಅಂದ್ರೆ ಹಾಕ್ತೀನಿ, ಇಲ್ದಿದ್ರೆ ಇಲ್ಲ."

ಮುನ್ನೀಬಿ ಆ ರಾತ್ರಿ ಮಗನ ಪರವಾಗಿಯೂ ಮಾತಾಡಲಿಲ್ಲ, ಅಣ್ಣನ ಪರವಾಗಿಯೂ ಮಾತಾಡಲಿಲ್ಲ. ಬೆಳಿಗ್ಗೆ ಮಾತ್ರ, ನೀನೇ ಹೋಗಿ ಕೇಳು, ನನ್ನನ್ನು ಕಳಿಸಬೇಡ ಎಂದರು.

ಜಾನ್ ಪಾಷಾ ಜಗಲಿಯ ಮೇಲೆ ಕೂತು ಬೂಟಿಗೆ ಎಣ್ಣೆ ಹಚ್ಚುತ್ತಿದ್ದರು. ಖದೀರ್ ಸಲಾಂ ಹೇಳಿ ಮಳೆಯಲ್ಲೇ ನಿಂತ. ಮಾವ ಒಳಗೆ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಖದೀರ್ ವಿಷಯ ಹೇಳಿದ. ಅವರು ಎರಡನೆಯ ಬೂಟು ಕೈಗೆತ್ತಿಕೊಂಡರು.

"ಹದಿನೆಂಟು ವರ್ಷ ನೌಕ್ರಿ ಮಾಡ್ದೆ. ಒಂದ್ಸಲಾನೂ ಆ ಕಛೇರಿಲಿ ತಲೆ ತಗ್ಗಿಸಿರ್ಲಿಲ್ಲ. ನಿನ್ನಿಂದ ತಗ್ಗಿಸ್ದೆ."

"ನಾನು ತಪ್ಪು ಮಾಡ್ದೆ ಮಾಮು. ನಿಮ್ಮನ್ನ ಕೇಳ್ದೆ ಹಾಕ್ಬಾರ್ದಿತ್ತು."

"ಕೇಳಿದ್ರೆ ನಾನು ಬೇಡ ಅಂತಿದ್ದೆ. ಆಗ ನೀನೇನ್ ಮಾಡ್ತಿದ್ದೆ?"

ಖದೀರ್ ಸುಳ್ಳು ಹೇಳಬಹುದಾಗಿತ್ತು. ಬಸ್ಸಿಗೆ ಮೂರು ಗಂಟೆ ಉಳಿದಿತ್ತು.

"ಆಗ್ಲೂ ಹಾಕ್ತಿದ್ದೆ."

ಬೂಟಿನ ಮೇಲೆ ಓಡುತ್ತಿದ್ದ ಬಟ್ಟೆ ನಿಂತಿತು. ಜಾನ್ ಪಾಷಾ ತಲೆಯೆತ್ತಿ ನಾಲ್ಕು ತಿಂಗಳ ಮೇಲೆ ಮೊದಲ ಬಾರಿಗೆ ಅವನ ಮುಖ ನೋಡಿದರು.

"ಮೇಲೆ ಹೋದಾಗ ಎಂಜಿನ್ ನಿಂತೋದ್ರೆ ಏನ್ ಮಾಡ್ತೀಯ?"

"ಗೊತ್ತಿಲ್ಲ ಮಾಮು. ಇನ್ನು ಕಲೀಬೇಕು."

ಅವರು ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟರು. ಲಾಯಕ್ಕೆ ಬಂದ ದಿನವೇ ಎಲ್ಲಾ ಗೊತ್ತು ಎಂದವರನ್ನು ಕುದುರೆ ಮೊದಲು ಬೀಳಿಸುತ್ತಿತ್ತು ಎಂದರು, ಅವನಿಗೆ ಹೇಳಿದಂತೆಯೂ ಇರಲಿಲ್ಲ. ಆಮೇಲೆ ಎದ್ದು, ಎಣ್ಣೆ ಹಚ್ಚಿದ ಬೂಟುಗಳನ್ನೇ ಹಾಕಿಕೊಂಡು, ಛತ್ರಿ ತೆಗೆದುಕೊಂಡು ಬೀದಿಗಿಳಿದರು. ಖದೀರ್ ಹಿಂದೆ ನಡೆದ. ಅರ್ಧ ದಾರಿಯಲ್ಲಿ ಅವರು ನಿಂತು ಛತ್ರಿಯನ್ನು ಸ್ವಲ್ಪ ಪಕ್ಕಕ್ಕೆ ಹಿಡಿದರು.

ಕೊಟ್ಟಿಗೆಯಲ್ಲಿ ರಹಮಾನ್ ಸಾಹೇಬರು ಕೆಲಸ ನಿಲ್ಲಿಸಿ ಮರದ ದಿಮ್ಮಿಯ ಮೇಲಿನ ಹೊಟ್ಟನ್ನು ಕೈಯಿಂದ ತಳ್ಳಿದರು. ಜಾನ್ ಪಾಷಾ ಅದರ ಮೇಲೆ ಫಾರಮು ಹರಡಿ ಕನ್ನಡಕ ಹಾಕಿಕೊಂಡರು. ಫೌಜಿನಲ್ಲಿ ಉರ್ದುವನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುವ ರೂಢಿಯಿದ್ದುದರಿಂದ ಅವರಿಗೆ ಆ ಅಕ್ಷರಗಳು ಚೆನ್ನಾಗಿ ಬರುತ್ತಿದ್ದವು. ತಂದೆಯ ಹೆಸರು, ಊರು, ತಾಲ್ಲೂಕು, ಹುಟ್ಟಿದ ತಾರೀಖು, ಒಂದೊಂದಾಗಿ ತಾವೇ ತುಂಬುತ್ತಾ ಬಂದರು. ಒಂದು ಕಡೆ ಲೇಖನಿ ನಿಂತಿತು.

"ಯಾವ ಕೆಲಸಕ್ಕೆ ಅಂತ ಕೇಳವ್ರೆ ಇಲ್ಲಿ. ಏನ್ ಬರೀಲಿ?"

"ಪೈಲಟ್" ಎಂದ ಖದೀರ್.

ಜಾನ್ ಪಾಷಾ ಐದು ದೊಡ್ಡ ಅಕ್ಷರಗಳನ್ನು ಬಿಡಿಬಿಡಿಯಾಗಿ ಬರೆದರು. ಆಮೇಲೆ ಲೇಖನಿಯನ್ನು ಭಾವನ ಕೈಗೆ ಕೊಟ್ಟು, ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದರು. ರಹಮಾನ್ ಸಾಹೇಬರು ಉರ್ದುವಿನಲ್ಲಿ ಸಹಿ ಮಾಡಿದರು. ಮಳೆಯ ತಂಪಿಗೆ ಶಾಯಿ ಬೇಗ ಒಣಗಲಿಲ್ಲ. ಮೈಸೂರಿನ ಬಸ್ಸಿಗೆ ಹೊತ್ತಾಗುತ್ತಿದ್ದರೂ ಮೂವರೂ ಅದನ್ನೇ ನೋಡುತ್ತಾ ನಿಂತರು.